ವಾಷಿಂಗ್ಟನ್ ಒಪ್ಪದ್ದನ್ನು ಊರು ಒಪ್ಪಿಕೊಂಡಿತು

1998ರ ಏಪ್ರಿಲ್ 13ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಲ್ವಿಚಾರಕರ ಮಂಡಳಿ ಒಂದು ನಗರ ಶಾಸನವನ್ನು ಅವಿರೋಧವಾಗಿ ಅಂಗೀಕರಿಸಿತು. ಮೇಯರ್ ವಿಲ್ಲಿ ಬ್ರೌನ್ ಅದಕ್ಕೆ ಸಹಿ ಹಾಕಿದರು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕಲು ವಿಶ್ವಸಂಸ್ಥೆ ರೂಪಿಸಿದ ಒಡಂಬಡಿಕೆಯ ತತ್ವಗಳನ್ನು ನಗರದ ಆಡಳಿತದೊಳಗೆ ಜಾರಿಗೆ ತರುವುದು ಆ ಶಾಸನದ ಉದ್ದೇಶ. ಸೀಡಾ ಎಂಬ ಚುಟುಕು ಹೆಸರಿನಿಂದ ಪರಿಚಿತವಾದ ಈ ಒಡಂಬಡಿಕೆಯನ್ನು ಅಮೆರಿಕದ ಸೆನೆಟ್ ಅಂದೂ ಅನುಮೋದಿಸಿರಲಿಲ್ಲ, ಇಂದಿಗೂ ಅನುಮೋದಿಸಿಲ್ಲ. ದೇಶ ಒಪ್ಪದೆ ಬಿಟ್ಟ ಒಪ್ಪಂದವನ್ನು ಒಂದು ಊರು ತನ್ನ ಕಾನೂನಾಗಿ ಬರೆದುಕೊಂಡದ್ದು ಅಮೆರಿಕದಲ್ಲಿ ಅದೇ ಮೊದಲು. ಆ ಶಾಸನಕ್ಕೆ ಕಾಲು ಶತಮಾನ ತುಂಬಿ ಮುಂದೆ ಸಾಗಿದೆ. ಅದರ ಹಾದಿಯನ್ನು ಹಿಡಿದ, ಹಿಡಿಯಲು ಹೊರಟು ನಡುದಾರಿಯಲ್ಲಿ ನಿಂತ ಊರುಗಳೂ ಹಲವು. ಅವುಗಳ ಚರಿತ್ರೆಯನ್ನು ದಾಖಲಿಸುವುದು ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆದಿದ್ದೇನೆ.

ಒಡಂಬಡಿಕೆಯ ಕಥೆ ಚಿಕ್ಕದು. 1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಅಂಗೀಕರಿಸಿತು. 1980ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸರ್ಕಾರ ಸಹಿ ಹಾಕಿತು. ಅದೇ ಜುಲೈನಲ್ಲಿ ಭಾರತವೂ ಸಹಿ ಹಾಕಿತು. ಅಲ್ಲಿಂದ ಮುಂದೆ ಎರಡು ದೇಶಗಳ ದಾರಿ ಬೇರೆಯಾಯಿತು. ಭಾರತ 1993ರ ಜುಲೈ 9ರಂದು ಕೆಲವು ಷರತ್ತುಗಳ ಸಮೇತ ಅನುಮೋದಿಸಿತು. ಅಮೆರಿಕದಲ್ಲಿ ಅನುಮೋದನೆಗೆ ಸೆನೆಟ್‌ನ ಮೂರನೇ ಎರಡರಷ್ಟು ಬಹುಮತ ಬೇಕು. 1994ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಸೆನೆಟ್‌ನ ವಿದೇಶಾಂಗ ಸಮಿತಿ ಅನುಕೂಲವಾಗಿ ಮತ ಹಾಕಿತಾದರೂ ಇಡೀ ಸದನದ ಮುಂದೆ ಅದು ಮತಕ್ಕೆ ಬರಲೇ ಇಲ್ಲ. ಇರಾನ್, ಸೊಮಾಲಿಯಾ, ಸುಡಾನ್‌ನಂಥ ಬೆರಳೆಣಿಕೆಯ ದೇಶಗಳ ಜೊತೆ ಅಮೆರಿಕ ಇಂದಿಗೂ ಹೊರಗೆ ನಿಂತಿದೆ.

1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆಯ ನಾಲ್ಕನೆಯ ವಿಶ್ವ ಮಹಿಳಾ ಸಮ್ಮೇಳನ ನಡೆಯಿತು. ಅಮೆರಿಕದ ಹತ್ತಾರು ಊರುಗಳಿಂದ ಸಾವಿರಾರು ಮಹಿಳೆಯರು ಹೋಗಿದ್ದರು. ಅಲ್ಲಿ ಬೇರೆ ದೇಶದ ಹೆಣ್ಣುಮಕ್ಕಳು ತಮ್ಮ ಸರ್ಕಾರಗಳನ್ನು ಸೀಡಾದ ಕಲಮುಗಳನ್ನು ಹಿಡಿದು ಪ್ರಶ್ನಿಸುವುದನ್ನು ಕಂಡು, ತಮ್ಮ ಕೈಯಲ್ಲಿ ಅಂಥದ್ದೊಂದು ಆಧಾರವೇ ಇಲ್ಲವೆಂಬುದು ಇವರಿಗೆ ಮನವರಿಕೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದವರು ವಾಷಿಂಗ್ಟನ್ನಿನ ಬಾಗಿಲು ತೆರೆಯುವುದನ್ನು ಕಾಯುತ್ತ ಕೂರಲಿಲ್ಲ. ಮಾನವ ಹಕ್ಕುಗಳಿಗಾಗಿ ಮಹಿಳಾ ನಾಯಕತ್ವ ಬೆಳೆಸುವ 'ವೈಲ್ಡ್' ಎಂಬ ಸಂಸ್ಥೆ 1996ರಲ್ಲಿ ಹುಟ್ಟಿಕೊಂಡಿತು. ಅದರ ಸಹಸಂಸ್ಥಾಪಕಿ ಕೃಷಾಂತಿ ಧರ್ಮರಾಜ್ ಶ್ರೀಲಂಕಾ ಮೂಲದವರು. ದಕ್ಷಿಣ ಏಷ್ಯಾದ ಒಬ್ಬ ಹೆಣ್ಣುಮಗಳು ಅಮೆರಿಕದ ನಗರವೊಂದಕ್ಕೆ ವಿಶ್ವಸಂಸ್ಥೆಯ ಒಪ್ಪಂದವನ್ನು ಕಲಿಸಿಕೊಟ್ಟವರ ಮುಂಚೂಣಿಯಲ್ಲಿದ್ದರು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಆಮ್ನೆಸ್ಟಿ ಇಂಟರ್‌ನ್ಯಾಷನಲ್, ಮಹಿಳಾ ಪ್ರತಿಷ್ಠಾನ, ನಗರದ ಮಹಿಳಾ ಸ್ಥಾನಮಾನ ಆಯೋಗ ಇವರ ಜೊತೆಗೂಡಿದವು.

ಆ ಆಯೋಗದ ಬಗ್ಗೆ ಎರಡು ಮಾತು. 1975ರಲ್ಲಿ, ವಿಶ್ವಸಂಸ್ಥೆ ಘೋಷಿಸಿದ ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲೇ, ಸ್ಥಾಪನೆಯಾದದ್ದು ಅದು. 1994ರಲ್ಲಿ ಮತದಾರರು ನೇರವಾಗಿ ಮತ ಹಾಕಿ ಅದಕ್ಕೆ ಕಾಯಂ ಸ್ಥಾನ ಕೊಟ್ಟರು. ಆಯೋಗದ ಕೈಕೆಳಗೆ ಸಿಬ್ಬಂದಿ, ಬಜೆಟ್ ಇರುವ ಒಂದು ಇಲಾಖೆ ನಿಂತಿತು. ಇದು ಆಡಳಿತದ ಒಣ ವಿವರದಂತೆ ಕಾಣಬಹುದು. ಆದರೆ ಮುಂದೆ ಬೇರೆ ಊರುಗಳಲ್ಲಿ ಏನಾಯಿತೆಂದು ನೋಡಿದಾಗ ಈ ಕಾಯಂ ಇಲಾಖೆಯೇ ಸ್ಯಾನ್ ಫ್ರಾನ್ಸಿಸ್ಕೊದ ಬೆನ್ನೆಲುಬಾಗಿತ್ತೆಂದು ಗೊತ್ತಾಗುತ್ತದೆ.

1997ರ ಅಕ್ಟೋಬರ್‌ನಲ್ಲಿ ಸಂಘಟನೆಗಳು ಮತ್ತು ಆಯೋಗ ಸೇರಿ ಒಂದು ಸಾರ್ವಜನಿಕ ಅಹವಾಲು ಸಭೆ ನಡೆಸಿದವು. ಒಪ್ಪಂದ ಒಳ್ಳೆಯದೇ ಎಂಬುದು ಅಲ್ಲಿ ಚರ್ಚೆಯ ವಿಷಯವಾಗಲಿಲ್ಲ. ಈ ಊರಿನಲ್ಲಿ ಹೆಣ್ಣಿಗೆ ತೊಂದರೆ ಎಲ್ಲಿದೆ ಎಂಬುದೊಂದೇ ಪ್ರಶ್ನೆ. ದುಡಿಮೆ ಮತ್ತು ಆದಾಯ, ಹಿಂಸೆ, ಆರೋಗ್ಯ ಈ ಮೂರು ಕಡೆಗಳಿಂದ ಸಾಕ್ಷ್ಯ ಹರಿದುಬಂತು. ಶಾಸನ ಕೂಡ ಆ ಮೂರನ್ನೇ ಎತ್ತಿಕೊಂಡಿತು. ಮಂಡಳಿಯಲ್ಲಿ ಅದನ್ನು ಮಂಡಿಸಿ ಮುನ್ನಡೆಸಿದವರು ಬಾರ್ಬರಾ ಕೌಫ್‌ಮನ್.

ಕಾಲದ ಹಿನ್ನೆಲೆಯನ್ನೂ ಮರೆಯಬಾರದು. 1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸರ್ಕಾರಿ ನೌಕರಿ, ಶಿಕ್ಷಣ, ಗುತ್ತಿಗೆಗಳಲ್ಲಿ ಜನಾಂಗ ಅಥವಾ ಲಿಂಗದ ಆಧಾರದ ಮೇಲೆ ಆದ್ಯತೆ ಕೊಡುವುದನ್ನು ನಿಷೇಧಿಸಿದ್ದರು. ಮೀಸಲಾತಿಯಂಥ ದಾರಿ ಮುಚ್ಚಿತ್ತು. ತಾರತಮ್ಯ ನಡೆದಿದೆ ಎಂದು ನ್ಯಾಯಾಲಯದಲ್ಲಿ ಸಾಧಿಸಲು ಬಹಳಷ್ಟು ಸಲ ಕೆಟ್ಟ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತಿತ್ತು. ಸೀಡಾದ ವ್ಯಾಖ್ಯೆ ಇದನ್ನು ದಾಟಿ ಹೋಗುತ್ತದೆ. ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ಹೆಣ್ಣು ಹಿಂದೆ ಬಿದ್ದರೆ ಅದು ತಾರತಮ್ಯವೇ. ಯಾರೋ ಕೆಟ್ಟವರೆಂದು ಬೊಟ್ಟು ಮಾಡದೆಯೇ ಒಂದು ಕಚೇರಿಯ ಕೆಲಸದ ರೀತಿಯನ್ನು ಪ್ರಶ್ನಿಸಲು ಇದರಿಂದ ಸಾಧ್ಯವಾಯಿತು. ಒಡಂಬಡಿಕೆಯ ನಿಜವಾದ ಬೆಲೆ ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಹಾಗೆ ಪ್ರಶ್ನಿಸುವ ವಿಧಾನಕ್ಕೆ ಲಿಂಗತ್ವ ವಿಶ್ಲೇಷಣೆ ಎಂದು ಹೆಸರು. ಒಂದು ಇಲಾಖೆಯನ್ನು ಆರಿಸಿಕೊಳ್ಳುವುದು. ಅದರ ಸೇವೆ ಯಾರಿಗೆ ತಲುಪುತ್ತಿದೆ, ನೌಕರಿಯಲ್ಲಿ ಯಾರಿದ್ದಾರೆ, ಬಜೆಟ್ಟಿನ ಹಣ ಯಾರಿಗಾಗಿ ಖರ್ಚಾಗುತ್ತಿದೆ ಎಂಬುದನ್ನು ಗಂಡು, ಹೆಣ್ಣು, ಜನಾಂಗ, ವಯಸ್ಸು ಬಿಡಿಸಿ ಲೆಕ್ಕ ಹಾಕುವುದು. ಬಂದ ಲೆಕ್ಕವನ್ನು ಓದಿ ಶಿಫಾರಸು ಮಾಡುವುದು. ಇಲಾಖೆಯೇ ಒಂದು ಕಾರ್ಯಯೋಜನೆ ಬರೆದುಕೊಡುವುದು. ಅದು ನಡೆಯುತ್ತಿದೆಯೇ ಎಂದು ಹೊರಗಿನವರು ನೋಡುತ್ತಿರುವುದು. ನೋಡಿಕೊಳ್ಳಲು 11 ಮಂದಿಯ ಕಾರ್ಯಪಡೆಯೊಂದು ನೇಮಕವಾಯಿತು. ಅದರ ಅವಧಿ ಮುಗಿದ ಮೇಲೆ ಹೊಣೆ ಆಯೋಗದ ಹೆಗಲಿಗೆ ಬಂತು.

1999ರಲ್ಲಿ ಮೊದಲಿಗೆ ಆರಿಸಿಕೊಂಡ ಎರಡು ಇಲಾಖೆಗಳು ಲೋಕೋಪಯೋಗಿ ಮತ್ತು ಬಾಲಾಪರಾಧಿಗಳ ಪರಿವೀಕ್ಷಣಾ ಇಲಾಖೆ. ಮಹಿಳಾ ಕಲ್ಯಾಣದ ಹೆಸರು ಹೊತ್ತ ಕಚೇರಿಯನ್ನು ಬಿಟ್ಟು ರಸ್ತೆ ಮಾಡುವ ಕಚೇರಿಯಿಂದ ಶುರುಮಾಡಿದ್ದು ದಿಟ್ಟತನ. ರಸ್ತೆಗೂ ಹೆಂಗಸರಿಗೂ ಏನು ಸಂಬಂಧ ಎಂದು ಕೇಳಿದವರು ಇಲಾಖೆಯೊಳಗೇ ಇದ್ದಿರಬೇಕು. ರಸ್ತೆ ಎಲ್ಲರಿಗೂ ಒಂದೇ ಅಲ್ಲವೇ ಎನ್ನುವುದು ಯಾವ ಊರಿನ ಎಂಜಿನಿಯರಿಗೂ ಸಹಜವಾಗಿ ತೋಚುವ ಮಾತು. ಲೆಕ್ಕಕ್ಕೆ ಕೂತಾಗ ಸಂಬಂಧ ಕಾಣಿಸಿತು. ಎರಡು ಬೀದಿದೀಪದ ಕಂಬಗಳ ನಡುವಿನ ಅಂತರವನ್ನು ಎಂಜಿನಿಯರು ವಾಹನ ಓಡಿಸುವವನ ಕಣ್ಣಿನ ಅಳತೆಯಿಂದ ನಿರ್ಧರಿಸಿದರೆ, ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ನಡೆದು ಬರುವ ಹೆಂಗಸಿಗೆ ಎರಡು ಕಂಬಗಳ ನಡುವೆ ಕತ್ತಲೆಯ ಒಂದು ತುಂಡು ಉಳಿದುಬಿಡುತ್ತದೆ. ಪಾದಚಾರಿ ಮಾರ್ಗ ರಸ್ತೆಗೆ ಕೂಡುವ ಕಡೆ ಅಂಚನ್ನು ತಗ್ಗಿಸಿ ಇಳಿಜಾರು ಮಾಡುವುದನ್ನು ಗಾಲಿಕುರ್ಚಿಯವರ ಅನುಕೂಲವೆಂದಷ್ಟೇ ಎಣಿಸುತ್ತಿದ್ದರು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ದಿನಸಿ ಚೀಲ ಹಿಡಿದ ತಾಯಿಗೂ ಅದೇ ಇಳಿಜಾರು ಬೇಕು. ಮೂರ್ನಾಲ್ಕು ಅಂಗುಲದ ಆ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಎತ್ತಿ ಇಳಿಸುವವಳು ಯಾರು ಎಂದು ಯಾರೂ ಅಲ್ಲಿಯವರೆಗೆ ಕಾಗದದ ಮೇಲೆ ಬರೆದಿರಲಿಲ್ಲ.

ಬಾಲಾಪರಾಧಿಗಳ ಇಲಾಖೆಯ ಸಂಗತಿ ಇನ್ನೂ ಗಂಭೀರ. ಅಲ್ಲಿಗೆ ಬರುವವರಲ್ಲಿ ಹುಡುಗರೇ ಹೆಚ್ಚು. ಹಾಗಾಗಿ ವ್ಯವಸ್ಥೆಗಳೆಲ್ಲ ಹುಡುಗರ ಅಳತೆಗೆ ಹೊಲಿದವು. ಆದರೆ ಹುಡುಗಿಯೊಬ್ಬಳು ಆ ಬಾಗಿಲಿಗೆ ಬರುವ ದಾರಿ ಬಹುತೇಕ ಬೇರೆ. ಮನೆಯಲ್ಲಿ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿ ಓಡಿಬಂದವಳು ಅವಳಾಗಿರುತ್ತಾಳೆ. ಅವಳನ್ನು ಹುಡುಗರ ಕಾರ್ಯಕ್ರಮಕ್ಕೇ ಸೇರಿಸಿದರೆ ಅವಳ ಗಾಯಕ್ಕೆ ಮದ್ದು ಸಿಗುವುದಿಲ್ಲ. ಹುಡುಗಿಯರಿಗೆಂದೇ ರೂಪಿಸಿದ ಸೇವೆಗಳು ಬೇಕೆಂಬ ಮಾತು ಲೆಕ್ಕದ ಬಲದಿಂದ ಅಧಿಕೃತ ಕಡತಕ್ಕೆ ಬಂದದ್ದು ಈ ವಿಶ್ಲೇಷಣೆಯಿಂದ.

ಆಮೇಲೆ ಕಲಾ ಆಯೋಗ, ಪರಿಸರ ಇಲಾಖೆ, ಬಾಡಿಗೆ ಮಂಡಳಿ, ವಯಸ್ಕರ ಪರಿವೀಕ್ಷಣಾ ಇಲಾಖೆ ಒಂದೊಂದಾಗಿ ಸಾಲಿಗೆ ಬಂದವು. ವೇಗ ಸಾಲದು ಎಂಬ ದೂರು ನ್ಯಾಯವಾದದ್ದೇ. ಹತ್ತಾರು ಇಲಾಖೆಗಳಿರುವ ನಗರದಲ್ಲಿ ಮೊದಲ ದಶಕ ಕಳೆದಾಗ ಪೂರ್ಣ ವಿಶ್ಲೇಷಣೆಗೆ ಒಳಪಟ್ಟವು ಬೆರಳೆಣಿಕೆಯಷ್ಟು. ಪೊಲೀಸ್, ಸಾರಿಗೆಯಂಥ ದೊಡ್ಡ ಇಲಾಖೆಗಳನ್ನು ಮೊದಲು ಮುಟ್ಟಬೇಕಿತ್ತು ಎನ್ನುವವರ ಜೊತೆ ನಾನೂ ಇದ್ದೇನೆ.

ಹಿಂಸೆಯ ವಿಷಯದಲ್ಲಿ ಆಯೋಗ ಮಾಡಿದ ಕೆಲಸವನ್ನು ಬಿಡಿಯಾಗಿ ಹೇಳಬೇಕು. 2000ದ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ಯುವ ತಾಯಿಯೊಬ್ಬಳನ್ನು ಅವಳ ಹಿಂದಿನ ಸಂಗಾತಿ ಮಕ್ಕಳ ಕಣ್ಣೆದುರಿಗೇ ಕೊಂದ. ಅವಳು ಮೊದಲೇ ಪೊಲೀಸರ ಬಳಿ ಹೋಗಿದ್ದಳು. ಅವನ ಮೇಲೆ ಹಳೆಯ ಪ್ರಕರಣವೂ ಇತ್ತು. ಪೊಲೀಸ್, ಸರ್ಕಾರಿ ವಕೀಲರು, ಪರಿವೀಕ್ಷಣಾ ಇಲಾಖೆ ಇವುಗಳಲ್ಲಿ ಒಬ್ಬರ ಬಳಿ ಇದ್ದ ಮಾಹಿತಿ ಇನ್ನೊಬ್ಬರಿಗೆ ತಲುಪಿರಲಿಲ್ಲ. ಊರು ತಲ್ಲಣಿಸಿತು. ಆಯೋಗ ತನಿಖೆ ನಡೆಸಿ, ಯಾವ ಮೇಜಿನ ಮೇಲೆ ಯಾವ ಕಾಗದ ನಿಂತಿತು ಎಂಬುದನ್ನು ಹಂತಹಂತವಾಗಿ ಬಿಡಿಸಿಟ್ಟ ವರದಿಯನ್ನು 2002ರಲ್ಲಿ ಕೊಟ್ಟಿತು. ಇಲಾಖೆಗಳ ಸಿಬ್ಬಂದಿಗೆ ಒಟ್ಟಾಗಿ ತರಬೇತಿ, ಪ್ರಕರಣಗಳ ಮಾಹಿತಿ ಹಂಚಿಕೆ, ನೆರವು ಕೇಳಿ ಬಂದವಳ ಭಾಷೆ ಬಲ್ಲವರ ವ್ಯವಸ್ಥೆ ಹೀಗೆ ಸುಧಾರಣೆಯ ಕೆಲಸ ವರ್ಷಗಟ್ಟಲೆ ನಡೆಯಿತು. 2010ರಿಂದ 2014ರ ನಡುವೆ 44 ತಿಂಗಳ ಕಾಲ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೌಟುಂಬಿಕ ಹಿಂಸೆಯಿಂದಾದ ಒಂದು ಕೊಲೆಯೂ ದಾಖಲಾಗಲಿಲ್ಲ. ಈ ಅಂಕಿ ಕಾಯಂ ಆಗಿ ಉಳಿಯಲಿಲ್ಲ. ಆದರೂ 44 ತಿಂಗಳಲ್ಲಿ ಬದುಕುಳಿದ ಹೆಂಗಸರು ಇದ್ದಾರೆ, ಅವರ ಮಕ್ಕಳಿದ್ದಾರೆ.

ಈ ಅವಧಿಯಲ್ಲಿ ಆಯೋಗದ ಇಲಾಖೆಯನ್ನು ನಡೆಸಿದವರು ಎಮಿಲಿ ಮುರಾಸೆ. 2004ರಿಂದ ಸುಮಾರು ಒಂದೂವರೆ ದಶಕ ಅವರು ಆ ಹುದ್ದೆಯಲ್ಲಿದ್ದರು. 2008ರಲ್ಲಿ ಖಾಸಗಿ ಕಂಪನಿಗಳಿಗಾಗಿ ನಗರ ರೂಪಿಸಿದ ಲಿಂಗ ಸಮಾನತೆಯ ಸೂತ್ರಗಳು ಅವರ ಕಾಲದವು. ಮುಂದೆ 2010ರಲ್ಲಿ ವಿಶ್ವಸಂಸ್ಥೆ ಉದ್ಯಮಗಳಿಗೆ ಕೊಟ್ಟ ಮಹಿಳಾ ಸಬಲೀಕರಣ ತತ್ವಗಳ ಹಿಂದೆ ಇದೇ ಪರಂಪರೆಯಿದೆ. ಅದೇ 2008ರಲ್ಲಿ ಮತದಾರರು ನಗರದ ಮಂಡಳಿ, ಆಯೋಗಗಳ ನೇಮಕಾತಿ ಊರಿನ ಜನರ ವೈವಿಧ್ಯವನ್ನು ಬಿಂಬಿಸಬೇಕೆಂದು ತೀರ್ಮಾನಿಸಿದರು. ಎರಡು ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸುವ ಹೊಣೆ ಈ ಇಲಾಖೆಗೆ ಬಿತ್ತು. ಲೆಕ್ಕ ಹೊರಬೀಳುತ್ತದೆಂದು ಗೊತ್ತಿದ್ದರೆ ನೇಮಕ ಮಾಡುವವರ ಕೈ ತಾನಾಗಿ ಎಚ್ಚರಗೊಳ್ಳುತ್ತದೆ. 2019ರ ವರದಿಯ ಹೊತ್ತಿಗೆ ಆ ಸ್ಥಾನಗಳಲ್ಲಿ ಮಹಿಳೆಯರು ಶೇ. 51ರಷ್ಟಿದ್ದರು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ, ಮಕ್ಕಳನ್ನೋ ಕಾಯಿಲೆಯ ಹಿರಿಯರನ್ನೋ ನೋಡಿಕೊಳ್ಳಬೇಕಾದವರು ಕೆಲಸದ ವೇಳೆಯಲ್ಲಿ ಹೊಂದಾಣಿಕೆ ಕೇಳುವ ಹಕ್ಕನ್ನು 2014ರ ಆರಂಭದಿಂದ ನಗರ ಕೊಟ್ಟಿತು.

ಇನ್ನು ಬೇರೆ ಊರುಗಳ ಮಾತು. ಲಾಸ್ ಏಂಜಲೀಸ್ 2003ರ ಡಿಸೆಂಬರ್‌ನಲ್ಲಿ ಇದೇ ಬಗೆಯ ಶಾಸನ ಮಾಡಿತು. ಆಮೇಲೆ ಹನ್ನೆರಡು ವರ್ಷ ಅದು ಬಹುಮಟ್ಟಿಗೆ ಕಪಾಟಿನಲ್ಲೇ ಇತ್ತು. 2015ರ ಆಗಸ್ಟ್‌ನಲ್ಲಿ ಮೇಯರ್ ಎರಿಕ್ ಗಾರ್ಸೆಟ್ಟಿ ಪ್ರತಿ ಇಲಾಖೆಯೂ ಲಿಂಗ ಸಮಾನತೆಯ ಕಾರ್ಯಯೋಜನೆ ಬರೆದುಕೊಡಬೇಕೆಂದು ಆದೇಶ ಹೊರಡಿಸಿದ ಮೇಲೆ ಅದಕ್ಕೆ ಜೀವ ಬಂತು.

ಆ ಊರಿನಲ್ಲಿ ಹುಡುಗಿಯರ ಆಟದ ಮೈದಾನದ ಹೋರಾಟ ಶಾಸನಕ್ಕಿಂತ ಹಳೆಯದು, ಶಾಸನದಷ್ಟೇ ಮುಖ್ಯವಾದದ್ದು. ನಗರದ ವೆಸ್ಟ್ ವ್ಯಾಲಿ ಭಾಗದಲ್ಲಿ ಹುಡುಗರ ಬೇಸ್‌ಬಾಲ್ ತಂಡಗಳಿಗೆ ಸಾರ್ವಜನಿಕ ಉದ್ಯಾನದಲ್ಲಿ ದಶಕಗಳಿಂದ ಕಾಯಂ ಮೈದಾನಗಳಿದ್ದವು. ಹುಡುಗಿಯರ ಸಾಫ್ಟ್‌ಬಾಲ್ ಲೀಗ್ ಮಾತ್ರ ವರ್ಷಂಪ್ರತಿ ಶಾಲೆಗಳ ಹಾಳುಬಿದ್ದ ಅಂಗಳಗಳಿಗಾಗಿ ಅಲೆಯಬೇಕಿತ್ತು. 1998ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಶಾಸನ ಬಂದ ವರ್ಷವೇ, ಅವರು ನಗರದ ಮೇಲೆ ಮೊಕದ್ದಮೆ ಹೂಡಿದರು. ಮರುವರ್ಷ ರಾಜಿಯಾಗಿ ಹುಡುಗಿಯರಿಗೆ ಮೈದಾನ ದೊರಕಿತು, ಉದ್ಯಾನ ಇಲಾಖೆ ಹುಡುಗಿಯರ ಆಟಕ್ಕೆಂದೇ ಕಾರ್ಯಕ್ರಮ ರೂಪಿಸಿತು. 2004ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಸಮುದಾಯ ಕ್ರೀಡೆಯಲ್ಲಿ ಹುಡುಗಿಯರಿಗೆ ತಾರತಮ್ಯ ಮಾಡುವಂತಿಲ್ಲವೆಂಬ ಕಾನೂನು ತಂದಿತು. ಹತ್ತು ಹನ್ನೆರಡು ವರ್ಷದ ಹುಡುಗಿಯರು ಬ್ಯಾಟು ಹಿಡಿದು ನಿಲ್ಲಲು ಒಂದು ಜಾಗ ಕೇಳಿದ್ದರಿಂದ ರಾಜ್ಯದ ಕಾನೂನು ಬದಲಾಯಿತು.

ಲಾಸ್ ಏಂಜಲೀಸ್‌ನ ಇತ್ತೀಚಿನ ಅನುಭವವೊಂದು ಕಹಿಯಾದದ್ದು. ನಗರದ ಸಾರಿಗೆ ಇಲಾಖೆ 2021ರಲ್ಲಿ ಮಹಿಳೆಯರ ಪ್ರಯಾಣದ ಬಗ್ಗೆ ಗಂಭೀರವಾದ ಅಧ್ಯಯನ ಪ್ರಕಟಿಸಿತು. ಬಡ ಬಡಾವಣೆಗಳಲ್ಲಿ ಬಸ್ಸಿಗಾಗಿ ಕಾಯುವ ಹೆಂಗಸರಿಗೆ ಹಗಲಲ್ಲಿ ನೆರಳಿಲ್ಲ, ರಾತ್ರಿ ಬೆಳಕಿಲ್ಲ ಎಂಬುದು ಅದರಲ್ಲಿ ಕಂಡ ಸತ್ಯ. 2023ರ ಮೇ ತಿಂಗಳಲ್ಲಿ ವೆಸ್ಟ್‌ಲೇಕ್‌ನ ಬಸ್ ನಿಲ್ದಾಣದ ಕಂಬಕ್ಕೆ ರಂಧ್ರಗಳುಳ್ಳ ಕಿರಿದಾದ ಲೋಹದ ತಗಡೊಂದನ್ನು ಜೋಡಿಸಿ, ಮೇಲೊಂದು ಸೌರದೀಪ ಇಟ್ಟು ಪ್ರಯೋಗವೆಂದು ಅನಾವರಣ ಮಾಡಿದರು. ಒಬ್ಬರು ನಿಂತರೆ ಭುಜಕ್ಕೆ ನೆರಳು ಬಿದ್ದೀತು, ಇಬ್ಬರಿಗೆ ಸಾಲದು. ದೇಶದ ತುಂಬ ಜನ ಆಡಿಕೊಂಡರು. ಅದಕ್ಕೆ ಹಣ ಕೊಟ್ಟದ್ದು ನಗರವಲ್ಲ, ಒಂದು ಪ್ರತಿಷ್ಠಾನ. ಚಾವಣಿ, ಬೆಂಚು ಇರುವ ಸರಿಯಾದ ತಂಗುದಾಣ ಕಟ್ಟಲು ಹಲವು ಇಲಾಖೆಗಳ ಅನುಮತಿ, ಅಗಲವಾದ ಪಾದಚಾರಿ ಮಾರ್ಗ, ಹೆಚ್ಚು ಹಣ ಬೇಕು. ಇವುಗಳನ್ನೆಲ್ಲ ತಪ್ಪಿಸಿಕೊಂಡು ನೆಲ ಅಗೆಯದೆ ಕೂರಿಸಬಹುದಾದದ್ದು ಆ ತಗಡು ಮಾತ್ರ. ತಗಡು ಮಾಡಿದ ವಿನ್ಯಾಸಕರನ್ನು ಬೈಯುವುದು ಸುಲಭ. ಹೆಂಗಸರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೂ ತಂಗುದಾಣ ಕಟ್ಟಲಾರದ ಆಡಳಿತವನ್ನು ಸರಿಪಡಿಸುವುದು ಕಷ್ಟ, ಆದರೆ ಆಗಬೇಕಾದದ್ದು ಅದೇ.

ಸೀಡಾದ ನೆರಳಿಲ್ಲದೆ ಇದೇ ಪ್ರಶ್ನೆಗೆ ಬೇರೆ ದಾರಿಯಿಂದ ಬಂದ ಊರು ವಿಯೆನ್ನಾ. ಆಸ್ಟ್ರಿಯಾ 1982ರಲ್ಲೇ ಒಡಂಬಡಿಕೆಯನ್ನು ಅನುಮೋದಿಸಿತ್ತಾದರೂ ವಿಯೆನ್ನಾದ ಕೆಲಸ ಶುರುವಾದದ್ದು 1991ರಲ್ಲಿ ಎವಾ ಕೈಲ್ ಎಂಬ ನಗರ ಯೋಜಕಿ ಮತ್ತು ಅವರ ಜೊತೆಗಾರರು ಏರ್ಪಡಿಸಿದ ಒಂದು ಛಾಯಾಚಿತ್ರ ಪ್ರದರ್ಶನದಿಂದ. ಊರಿನಲ್ಲಿ ಹೆಂಗಸರ ಒಂದು ದಿನ ಹೇಗೆ ಕಳೆಯುತ್ತದೆಂದು ಆ ಚಿತ್ರಗಳು ತೋರಿಸಿದವು. ಮರುವರ್ಷ ನಗರಾಡಳಿತದಲ್ಲಿ ಮಹಿಳಾ ಕಚೇರಿ ತೆರೆಯಿತು. ಮಹಿಳಾ ವಾಸ್ತುಶಿಲ್ಪಿಗಳೇ ವಿನ್ಯಾಸ ಮಾಡಿದ 357 ಮನೆಗಳ ಬಡಾವಣೆ 1997ರ ಹೊತ್ತಿಗೆ ಎದ್ದುನಿಂತಿತು. ಅಡುಗೆಮನೆಯ ಕಿಟಕಿಯಿಂದ ಅಂಗಳದಲ್ಲಿ ಆಡುವ ಮಗು ಕಾಣುವಂತೆ, ಪ್ರತಿ ಮಹಡಿಯಲ್ಲಿ ತಳ್ಳುಗಾಡಿ ಇಡಲು ಜಾಗವಿರುವಂತೆ.

ವಿಯೆನ್ನಾದ ಉದ್ಯಾನಗಳ ಅಧ್ಯಯನ ನನ್ನ ಮನಸ್ಸನ್ನು ಬಹಳ ಕಲಕಿದೆ. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಸಾರ್ವಜನಿಕ ಉದ್ಯಾನಗಳಿಂದ ಕಾಣೆಯಾಗುತ್ತಾರೆ, ಹುಡುಗರು ಉಳಿಯುತ್ತಾರೆ ಎಂದು 1990ರ ದಶಕದ ಮಧ್ಯಭಾಗದಲ್ಲಿ ಅವರು ಕಂಡುಕೊಂಡರು. ಯಾರೂ ಅವರನ್ನು ಓಡಿಸಿರಲಿಲ್ಲ. ಉದ್ಯಾನದ ನಡುವೆ ಒಂದೇ ದೊಡ್ಡ ಬಯಲು, ಅದರಲ್ಲಿ ಚೆಂಡಾಟ. ಜಾಗಕ್ಕಾಗಿ ಸೆಣಸಬೇಕಾಗಿ ಬಂದಾಗ ಹುಡುಗಿಯರು ಹಿಂದೆ ಸರಿದು ಮನೆಗೆ ಹೋಗುತ್ತಿದ್ದರು. 1999ರಲ್ಲಿ ಮಾರ್ಗರೆಟೆನ್ ಬಡಾವಣೆಯ ಎರಡು ಉದ್ಯಾನಗಳನ್ನು ಹೊಸದಾಗಿ ರೂಪಿಸಿದರು. ದೊಡ್ಡ ಬಯಲನ್ನು ಒಡೆದು ಸಣ್ಣ ಸಣ್ಣ ಅಂಗಳಗಳನ್ನಾಗಿ ಮಾಡಿ, ವಾಲಿಬಾಲ್, ಬ್ಯಾಡ್ಮಿಂಟನ್ನಿಗೆ ಜಾಗ ಬಿಟ್ಟು, ಕಾಲುದಾರಿಗಳನ್ನು ಸರಿಪಡಿಸಿದರು. ಹುಡುಗಿಯರು ಮರಳಿ ಬಂದರು. ಮೈಸೂರಿರಲಿ ಮಿಲ್ಪಿಟಾಸ್ ಇರಲಿ, ನಮ್ಮ ನಿಮ್ಮ ಮನೆಯ ಹತ್ತು ವರ್ಷದ ಮಗಳು ಸಂಜೆ ಎಲ್ಲಿ ಆಡುತ್ತಾಳೆ ಎಂದು ಈ ಅಧ್ಯಯನ ಓದಿದವರೆಲ್ಲ ಕೇಳಿಕೊಳ್ಳಬೇಕು.

ಮತ್ತೆ ಅಮೆರಿಕಕ್ಕೆ ಬರೋಣ. 2014ರಲ್ಲಿ, ವಿಶ್ವಸಂಸ್ಥೆಯ ಮಹಿಳಾ ಆಯೋಗದ ಜೊತೆ ಕೆಲಸ ಮಾಡುವ ನ್ಯೂಯಾರ್ಕಿನ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ಹಾಗೂ ಸ್ಯಾನ್ ಫ್ರಾನ್ಸಿಸ್ಕೊದ ಇಲಾಖೆ ಸೇರಿ 'ಸೀಡಾಗಾಗಿ ನಗರಗಳು' ಎಂಬ ಆಂದೋಲನವನ್ನು ದೇಶದ ಮುಂದಿಟ್ಟವು. ಮಾನವಶಾಸ್ತ್ರಜ್ಞೆ ಸೂನ್-ಯಂಗ್ ಯೂನ್ ಅದರ ಮುಂದಾಳು. ಆ ಜೂನ್‌ನಲ್ಲಿ ಅಮೆರಿಕದ ಮೇಯರುಗಳ ಸಮ್ಮೇಳನವೂ ಬೆಂಬಲದ ನಿರ್ಣಯ ಕೈಗೊಂಡಿತು. ಬರ್ಕ್‌ಲಿ 2012ರಲ್ಲೇ ಶಾಸನ ಮಾಡಿತ್ತು. 2015ರಲ್ಲಿ ಮಯಾಮಿ-ಡೇಡ್ ಕೌಂಟಿ ಮತ್ತು ಹೊನೊಲುಲು, 2016ರಲ್ಲಿ ಪಿಟ್ಸ್‌ಬರ್ಗ್, 2017ರಲ್ಲಿ ಸಿನ್ಸಿನಾಟಿ ಮತ್ತು ಸ್ಯಾನ್ ಹೊಸೆ, 2018ರಲ್ಲಿ ಸಾಂಟಾ ಕ್ಲಾರಾ ಕೌಂಟಿ ಮುಂದೆ ಬಂದವು. ಇನ್ನೂ ಹತ್ತಾರು ಊರುಗಳು ಬೆಂಬಲದ ಗೊತ್ತುವಳಿಗಳನ್ನು ಪಾಸು ಮಾಡಿದವು.

ಗೊತ್ತುವಳಿಗೂ ಶಾಸನಕ್ಕೂ ವ್ಯತ್ಯಾಸವಿದೆ, ಮತ್ತು ಈ ಚರಿತ್ರೆ ಕಲಿಸುವ ಪಾಠ ಅಲ್ಲಿಯೇ ಇದೆ. ಆಂದೋಲನ ಊರುಗಳಿಂದ ಕೇಳಿದ್ದು ಮೂರು: ಲಿಂಗತ್ವ ವಿಶ್ಲೇಷಣೆ, ಅದನ್ನು ನೋಡಿಕೊಳ್ಳುವ ಒಂದು ಮಂಡಳಿ, ಕೆಲಸಕ್ಕೆ ಬೇಕಾದ ಹಣ. ಮೂರೂ ಇದ್ದ ಕಡೆ ಕೆಲಸ ನಡೆದಿದೆ. ಗೊತ್ತುವಳಿ ಮಾತ್ರ ಇದ್ದ ಕಡೆ ಛಾಯಾಚಿತ್ರ ಉಳಿದಿದೆ. ಪಿಟ್ಸ್‌ಬರ್ಗ್ ಮೊದಲ ಗುಂಪಿಗೆ ಸೇರುತ್ತದೆ. ಅಲ್ಲಿನ ಲಿಂಗ ಸಮಾನತಾ ಆಯೋಗ 2019ರಲ್ಲಿ ಪ್ರಕಟಿಸಿದ ವರದಿ ಆ ಊರಿನ ಆತ್ಮಾಭಿಮಾನಕ್ಕೆ ಪೆಟ್ಟು ಕೊಟ್ಟಿತು. ಬದುಕಲು ಅತ್ಯುತ್ತಮ ಊರುಗಳ ಪಟ್ಟಿಯಲ್ಲಿ ಹೆಸರು ಪಡೆಯುತ್ತಿದ್ದ ಪಿಟ್ಸ್‌ಬರ್ಗ್, ಆರೋಗ್ಯ, ಆದಾಯ, ಶಿಕ್ಷಣ ಎಲ್ಲದರಲ್ಲೂ ಕಪ್ಪು ಮಹಿಳೆಯರ ಮಟ್ಟಿಗೆ ಅದೇ ಗಾತ್ರದ ಬಹುತೇಕ ಯಾವ ಅಮೆರಿಕನ್ ನಗರಕ್ಕಿಂತಲೂ ಕಷ್ಟದ ಊರು ಎಂದು ವರದಿ ತೋರಿಸಿತು. ಹೆಂಗಸರೆಲ್ಲರನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿದ್ದರೆ ಈ ಸತ್ಯ ಎಂದಿಗೂ ಹೊರಬರುತ್ತಿರಲಿಲ್ಲ. ತನ್ನ ಊರಿನ ಬಗ್ಗೆಯೇ ಇಂಥ ವರದಿ ಬರೆಸಿ ಪ್ರಕಟಿಸಿದ ಆಯೋಗಕ್ಕೆ ನಮಸ್ಕಾರ ಸಲ್ಲಬೇಕು.

ಭಾರತದಲ್ಲಿ ಇದೇ ಒಡಂಬಡಿಕೆ ನೆಲ ಮುಟ್ಟಿದ್ದು ನ್ಯಾಯಾಲಯದ ಮೂಲಕ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಗ್ರಾಮಮಟ್ಟದ ಕಾರ್ಯಕರ್ತೆಯೊಬ್ಬರ ಮೇಲೆ ನಡೆದ ಅತ್ಯಾಚಾರದ ಬಳಿಕ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. 1997ರ ಆಗಸ್ಟ್ 13ರ ವಿಶಾಖಾ ತೀರ್ಪಿನಲ್ಲಿ ನ್ಯಾಯಾಲಯ, ದೇಶದ ಕಾನೂನಿನಲ್ಲಿ ಕೊರತೆಯಿದ್ದಲ್ಲಿ ಸೀಡಾವನ್ನು ಆಧಾರವಾಗಿ ಹಿಡಿದು, ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಮಾರ್ಗಸೂಚಿ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದ ಅಹವಾಲು ಸಭೆ ಅದಾದ ಎರಡೇ ತಿಂಗಳಿಗೆ ನಡೆಯಿತು. ಅಲ್ಲಿ ದೇಶ ಒಪ್ಪಿರಲಿಲ್ಲ, ಊರು ಮುಂದೆ ಬಂತು. ಇಲ್ಲಿ ದೇಶ ಒಪ್ಪಿದೆ, ಊರುಗಳು ಬರಬೇಕಾಗಿದೆ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ನಡೆದ ಚುನಾವಣೆಯಲ್ಲಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಅಂಥ ಬಲ ಅಮೆರಿಕದ ಯಾವ ಊರಿನ ಮಹಿಳೆಯರಿಗೂ ಕಾನೂನಿನಿಂದ ಸಿಕ್ಕಿಲ್ಲ. ಆ ಸ್ಥಾನಗಳಲ್ಲಿ ಕೂರುವವರ ಕೈಗೆ ದೀಪದ ಕಂಬ, ಬಸ್ ನಿಲ್ದಾಣ, ಉದ್ಯಾನದ ಲೆಕ್ಕ ಸಿಕ್ಕರೆ ಸಾಧಿಸಬಹುದಾದದ್ದು ಬಹಳ.

ಸ್ಯಾನ್ ಹೊಸೆ ಮತ್ತು ಸಾಂಟಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿರುವ ಕನ್ನಡದ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ಗಂಡನ ವೀಸಾದ ಆಸರೆಯಲ್ಲಿ ಎಚ್-4 ಪಡೆದು ಬಂದವರಿಗೆ 2015ರ ಮೇ ತಿಂಗಳವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಈಗಲೂ ಕೆಲವರಿಗಷ್ಟೇ ಇದೆ. ಮನೆಯೊಳಗೆ ಹಿಂಸೆ ನಡೆದರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಕಂಗೆಟ್ಟ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ ಬೇ ಏರಿಯಾದಲ್ಲಿ 1991ರಲ್ಲಿ ಮೈತ್ರಿ, 1992ರಲ್ಲಿ ನಾರಿಕಾ ಎಂಬ ಸಹಾಯವಾಣಿ ಸಂಸ್ಥೆಗಳನ್ನು ಕಟ್ಟಿದವರು ಈ ಸಮುದಾಯದ ಮಹಿಳೆಯರೇ. ಆ ಸಂಸ್ಥೆಗಳ ಕೆಲಸಕ್ಕೆ ಕೈಜೋಡಿಸಿ. ನೀವಿರುವ ಕೌಂಟಿಯಲ್ಲೂ ಶಾಸನವಿದೆ, ಮಹಿಳಾ ಸ್ಥಾನಮಾನ ಆಯೋಗವಿದೆ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು, ಬಂದವರಿಗೆ ಮಾತನಾಡಲು ಅವಕಾಶ ಕೊಡಬೇಕು. ಅಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ, ಮತದ ಹಕ್ಕು ಬೇಕಿಲ್ಲ, ಹೆಸರು ನೋಂದಾಯಿಸಬೇಕೆಂಬ ಒತ್ತಾಯವೂ ಇಲ್ಲ. ಸಭೆಯ ಕಾರ್ಯಸೂಚಿ 72 ಗಂಟೆ ಮೊದಲು ಪ್ರಕಟವಾಗುತ್ತದೆ. ಅದನ್ನು ಓದಿ, ಹೋಗಿ, ನಿಮ್ಮ ಬೀದಿಯಲ್ಲಿ ಏನು ಬೇಕೆಂದು ಹೇಳಿ.